ಲೂಸಿಯಾ ಹಬ್ಬದ ಗೋಧಿ

ಡಿಸೆಂಬರ್ ಹದಿಮೂರು, ಲೂಸಿಯಾ ಹಬ್ಬದ ದಿನ ಯಾನ್ಯಾ ಬಿತ್ತನೆ ಪೆಟ್ಟಿಗೆಯಿಂದ ಒಂದು ಹಿಡಿ ಗೋಧಿ ತೆಗೆದು ತಟ್ಟೆಯಲ್ಲಿ ನೆನೆಹಾಕಿದಳು. ಕ್ರಿಸ್‌ಮಸ್ ಹೊತ್ತಿಗೆ ಅದು ಹಚ್ಚಗೆ ಎದ್ದು ನಿಲ್ಲಬೇಕು, ನಡುವೆ ಮೇಣದಬತ್ತಿ ಹಚ್ಚಬೇಕು. ತಟ್ಟೆ ಹೇಗೋ ಬರುವ ವರ್ಷ ಹಾಗೆ ಎನ್ನುತ್ತದೆ ಸ್ಲಾವೋನಿಯಾ ಸೀಮೆಯ ಆ ಊರು. ಮೂರು ದಿನ ಕಳೆಯಿತು. ಕಾಳು ಊದಿ, ಲೋಳೆಯಾಗಿ, ನಾರತೊಡಗಿತು. ಮೊಳಕೆಯ ಸುಳಿವೇ ಇಲ್ಲ.

ಯಾನ್ಯಾ ಪೆಟ್ಟಿಗೆಯತ್ತ ಓಡಿದಳು. ಶಕುನ ಹಾಳಾಗಿ ಹೋಗಲಿ. ವಸಂತದಲ್ಲಿ ಬಿತ್ತುವ ಈ ಗೋಧಿ ಅವಳ ಅಜ್ಜಿಯ ಕಾಲದ್ದು. ಊರಿನವರೆಲ್ಲ ಅಂಗಡಿ ಬೀಜಕ್ಕೆ ಜೋತುಬಿದ್ದ ಮೇಲೆ ಅದು ಉಳಿದಿದ್ದು ಆ ಪೆಟ್ಟಿಗೆಯಲ್ಲಿ ಮಾತ್ರ.

"ತುನ್ಯೊ, ಪೆಟ್ಟಿಗೆಗೆ ಏನು ಹಾಕಿದ್ದೆ?" ಎಂದು ತಮ್ಮನನ್ನು ಕೇಳಿದಳು.

"ಹುಳ ಸಾಯ್ಸೋ ವಿಷದ ಮಾತ್ರೆ, ಅಕ್ಕ. ಹೋದ್ವರ್ಷ ಅರ್ಧ ಕಾಳು ಹುಳಾನೇ ತಿಂದಿತ್ತಲ್ಲ."

"ಎಷ್ಟು?"

ತುನ್ಯೊ ಕಿವಿ ಕೆರೆದುಕೊಂಡ. "ಸ್ವಲ್ಪ ಜಾಸ್ತೀನೇ. ಅದರ ಗಾಳಿ ಹೊರಗೆ ಹೋಗ್ಬಾರ್ದು ಅಂತ ಪ್ಲಾಸ್ಟಿಕ್ ಸುತ್ತಿ ಬಿಟ್ಟಿದ್ದೆ, ಬಿಚ್ಚೋದು ಮರ್ತೇಹೋಯ್ತು. ಕಾಳು ಪೂರ್ತಿ ಒಣಗಿರ್ಲಿಲ್ಲ ಅನ್ಸುತ್ತೆ."

"ಹುಳದ ಜೊತೆ ಬೀಜಾನೂ ಸತ್ತಿದೆ. ನೆಗಡಿ ಬಂತು ಅಂತ ಮೂಗೇ ಕೊಯ್ಕೊಂಡ್ಯಲ್ಲೋ."

ಪೆಟ್ಟಿಗೆಯ ತಳದಿಂದ, ಮೂಲೆಯಿಂದ ಮತ್ತೆ ತೆಗೆದು ನೆನೆಹಾಕಿದಳು. ಮೂರೇ ದಿನಕ್ಕೆ ಅದೂ ಕೊಳೆಯಿತು. ತುನ್ಯೊನ ಮುಖ ಬಾಡಿತು.

"ಪಕ್ಕದ್ಮನೆ ಮಾಂದಾನ ತಟ್ಟೆ ಚೆನ್ನಾಗಿ ಬಂದಿದೆ, ಅರ್ಧ ಕೇಳ್ಕೊಂಡು ಬರ್ತೀನಿ. ಹಬ್ಬಕ್ಕೆ ಬಂದೋರ ಮುಂದೆ ಬೋಳು ತಟ್ಟೆ ಇಡೋಕಾಗುತ್ತಾ?" ಎಂದ.

"ಮಾಂದಾನ ಹಸಿರು ತಂದಿಟ್ರೆ ಅಜ್ಜಿ ಗೋಧಿ ಬದುಕುತ್ತಾ? ಸುಮ್ನಿರು."

ಯಾನ್ಯಾಳ ಕಣ್ಣು ಗೋಡೆಯ ಶಿಲುಬೆಯ ಮೇಲೆ ಬಿತ್ತು. ಅದರ ಸುತ್ತ ಅದೇ ಗೋಧಿಯ, ಕಳೆದ ಕೊಯ್ಲಿನ ಕೊನೆಯ ತೆನೆಗಳನ್ನು ಹೆಣೆದ ಮಾಲೆ. ಮುಂದಿನ ಕೊಯ್ಲಿನ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಮಾತ್ರೆಯೂ ಮುಟ್ಟಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡಳು.

"ಅಕ್ಕ, ಬೇಡ. ಮಾಲೆ ಮುರಿದ್ರೆ ಮನೆಗೆ ಸಾವು ಬರುತ್ತಂತೆ."

"ಸಾವು ಆಗ್ಲೇ ಬಂದು ಪೆಟ್ಟಿಗೇಲಿ ಕೂತಿದೆ. ಸ್ಟೂಲು ಹಿಡ್ಕೊ."

ಉಜ್ಜಿ ತೂರಿದರೆ ಸಿಕ್ಕಿದ್ದು ಎರಡು ಬೊಗಸೆ. ಚಿಟಿಕೆಯಷ್ಟು ನೆನೆಹಾಕಿ ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ತನ್ನ ಮಂಚದ ತಲೆದೆಸೆಗೆ ಇಟ್ಟುಕೊಂಡಳು. ಕ್ರಿಸ್‌ಮಸ್ ಬೆಳಿಗ್ಗೆ ಆ ದೊಡ್ಡ ತಟ್ಟೆಯಲ್ಲಿ ಉಗುರುದ್ದದ ಹತ್ತಾರು ಮೊಳಕೆಗಳು ನಿಂತಿದ್ದವು. ಯಾನ್ಯಾಗೆ ಅಳುವೇ ಬಂತು.

"ಇದೇನೇ, ಅಜ್ಜನ ಬೋಳುತಲೆ ಇದ್ದಂಗಿದೆ," ಎಂದಳು ಹಬ್ಬಕ್ಕೆ ಬಂದ ಮಾಂದಾ.

"ಇರ್ಲಿ ಬಿಡೆ. ಜೀವ ಇದೆ," ಎಂದು ಯಾನ್ಯಾ ಮೇಣದಬತ್ತಿ ಹಚ್ಚಿದಳು.

ವಸಂತದಲ್ಲಿ ಆ ಬಟ್ಟೆಗಂಟಿನ ಕಾಳನ್ನು ಹಿತ್ತಲಿನ ಮಡಿಯಲ್ಲಿ ಒಂದೊಂದಾಗಿ ಊರಿದಳು, ಕೋಳಿ ಬಾರದಂತೆ ಬೇಲಿ ಕಟ್ಟಿದಳು. ಬೇಸಿಗೆಗೆ ಪೈರು ಮಾಗಿತು. ಕುಡುಗೋಲು ಹಿಡಿದು ಇಳಿದವಳು ಮೊದಲ ತೆನೆಗಳನ್ನೇ ಮಾಲೆಗೆಂದು ಬೇರೆ ಇಟ್ಟಳು. ಚೀಲ ಹಿಡಿದು ನಿಂತಿದ್ದ ತುನ್ಯೊಗೆ ತಡೆಯಲಾಗಲಿಲ್ಲ.

"ಇರೋದೇ ಇಷ್ಟು. ಗೋಡೆಗೆ ಯಾಕಕ್ಕ?"

"ಪೆಟ್ಟಿಗೆ ನಿನ್ನ ಕೈಲಿರುತ್ತೆ. ಗೋಡೆ ನನ್ನ ಕೈಲಿರ್ಲಿ."

ತುನ್ಯೊ ಚೀಲ ಕೆಳಗಿಟ್ಟು ಒಳಗೆ ಹೋಗಿ ಶಿಲುಬೆಯ ಕೆಳಗೆ ಸ್ಟೂಲು ಇಟ್ಟ.