ಹನುಮಪ್ಪನ ಎದೆಯ ಮೇಲಿನ ಕಣಗಿಲೆ

ಮುಂದಿನ ಸೀಟಿನ ಹೆಂಗಸಿನ ತೊಡೆಯ ಮೇಲೆ ಒಂದು ಬುಟ್ಟಿ, ಹಳದಿ ಕೆಂಪು, ಹಳದಿ ಕೆಂಪು, ಅಂಗಡಿಯದಲ್ಲ, ಅಂಗಡಿಯ ಬುಟ್ಟಿಯ ಪಟ್ಟಿ ಅಗಲ ಇರುತ್ತದೆ, ಇದು ಸಣ್ಣ ದುಂಡು ವೈರು, ಕ್ವಾರಿಯದೇ, ಕಲ್ಲಿಗೆ ಮದ್ದು ಹೊಡೆದಾದ ಮೇಲೆ ಸಂದಿಯಲ್ಲಿ ಉಳಿದುಹೋಗುವ ವೈರು, ವಿರುಪಮ್ಮನಿಗೆ ಅದು ಮಾರು ದೂರದಿಂದಲೇ ಗೊತ್ತಾಗುತ್ತದೆ, ಅಂಥ ಬುಟ್ಟಿ ಅವಳೇನು ಒಂದೆರಡು ಹೆಣೆದಳೇ, ಕಂಪ್ಲಿಯ ಅವಳ ಓಣಿಯಲ್ಲಿ ಅರ್ಧ ಮನೆಗಳ ಕಾಯಿಪಲ್ಯ ಅವಳು ಹೆಣೆದ ಬುಟ್ಟಿಯಲ್ಲೇ ಬರುತ್ತಿತ್ತು — ಏ ತಂಗಿ, ಒಯ್ದು ಒಲಿಗೆ ಹಾಕದನ್ನ, ಎನ್ನಬೇಕೆಂದು ಬಾಯಿಗೆ ಬಂತು, ಅಂದರೆ ಹುಚ್ಚಿ ಎಂದಾಳು, ಆಧಾರ್ ತೋರ್ಸ್ರೆಮ್ಮಾ, ಕಂಡಕ್ಟರ್ ಬಂದ, ಎಲ್ಲಿಗಿ, ಹೊಸಪೇಟಿಗಪ್ಪಾ, ಹರಿದುಕೊಟ್ಟ ಚೀಟಿಯನ್ನು ಅವಳು ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು, ಇನ್ನೊಂದು ಕೈಯಲ್ಲಿ ಫೋನು, ಬೆವರಿಗೆ ಜಾರುತ್ತಿದೆ, ಸೆರಗಿನಲ್ಲಿ ಒರೆಸಿ ಮತ್ತೆ ಹಿಡಿದಳು. ನಾನೇ ಅಲ್ಲವೇ ಕೇಳಿದ್ದು, ಹನುಮಾ, ಬರುವಾಗ ಒಂದೀಟು ವೈರು ತಾರೋ, ಹಳದೀದು ಮುಗದೈತಿ, ಎಂದು, ಅವನೋ ಅಕ್ಕ ಕೇಳಿದರೆ ಗುಡ್ಡವನ್ನೇ ಹೊತ್ತು ತರುವವನು, ಸಂಡೂರಿನ ಗುಡ್ಡದ ಕ್ವಾರಿಯಲ್ಲಿ ಮದ್ದಿನವರ ಕೈಕೆಳಗೆ ದುಡಿಯುತ್ತಿದ್ದ, ಊಟದ ಡಬ್ಬಿ ಖಾಲಿಯಾದ ಮೇಲೆ ಅದರೊಳಗೇ ಸುತ್ತಿ ಇಟ್ಟುಕೊಂಡು ತರುತ್ತಿದ್ದ. ಆ ಕ್ವಾರಿಯಿಂದ ಮದ್ದು ಕಳುವಾಯಿತಂತೆ, ಎಲ್ಲೋ ಕಾಡಿನಲ್ಲಿ ಬಂದೂಕಿನವರ ಹತ್ತಿರ ಸಿಕ್ಕಿತಂತೆ, ಪೊಲೀಸರು ಕೆಲಸದವರನ್ನೆಲ್ಲ ಕರೆದು ಕೇಳಿದರು, ಕೇಳಿ ಬಿಟ್ಟರು, ಹನುಮೇಶನನ್ನು ಬಿಡಲಿಲ್ಲ, ಯಾಕೆಂದರೆ ಅವನ ಅಕ್ಕನ ಮನೆಯ ಅಟ್ಟದ ಮೇಲೆ ಸ್ಫೋಟಕದ ವೈರು ಸಿಕ್ಕಿತು, ಸಿಂಬೆ ಸಿಂಬೆ, ಹಳದಿ ಬೇರೆ ಕೆಂಪು ಬೇರೆ, ನಾನೇ ಬಣ್ಣ ನೋಡಿ ಆರಿಸಿ ಇಟ್ಟಿದ್ದು. ಬುಟ್ಟಿಗೆ ಇಟ್ಟೇವ್ರಿ ಸಾಹೇಬ್ರೇ, ಎಂದಳು, ಅವರು ಬುಟ್ಟಿಯನ್ನೂ ಜೀಪಿಗೆ ಹಾಕಿಕೊಂಡರು. ಸಂಜೆ ಟಿವಿಯಲ್ಲಿ ತಮ್ಮನ ಮುಖ, ಕೆಳಗೆ ಕೆಂಪು ಪಟ್ಟಿಯಲ್ಲಿ ಶಂಕಿತ ಉಗ್ರ, ಅವನ ಮುಖವೇ ಅಲ್ಲ ಅನ್ನುವ ಹಾಗೆ ಇತ್ತು.

ರಾಮಸಾಗರ ದಾಟಿತು, ಬಾಳೆಯ ತೋಟಗಳು, ಎಲೆ ಹರಿದು ಜೋತುಬಿದ್ದಿವೆ, ಇವತ್ತು ಶನಿವಾರ, ಜೈಲಿನ ಫೋನು ಶನಿವಾರ ಬೆಳಿಗ್ಗೆಯೇ ಬರುವುದು, ಬೆಂಗಳೂರಿನಿಂದ, ಐದು ನಿಮಿಷ ಆದರೆ ತಾನಾಗಿಯೇ ಕಟ್ಟಾಗುತ್ತದೆ, ಹೋದ ಶನಿವಾರ ಅವನು ಉಂಡಿಯಾ ಎಂದೂ ಕೇಳಲಿಲ್ಲ. ಅಕ್ಕಾ, ಇಲ್ಲಿ ಒಬ್ರು ಹಿರೇರು ಅದಾರ, ಭಾಳ ವರ್ಷ ಆತು ಅವ್ರು ಒಳಗ ಬಂದು, ಕಾನೂನು ಬಾಯಾಗ ಐತಿ, ಅವ್ರು ಹೇಳಿದ್ರು, ಆರು ತಿಂಗಳಾಗ ಪೊಲೀಸ್ರು ಚಾರ್ಜ್‌ಶೀಟ್ ಹಾಕ್ಲಿಲ್ಲಂದ್ರ ನಂಗ ಬೇಲ್ ಕೊಡ್ಲೇಬೇಕಿತ್ತಂತ, ನನ್ ಹಕ್ಕಂತಕ್ಕಾ ಅದು, ನನ್ನ ಕೇಸಿನ್ಯಾಗ ಅವ್ರು ಹಾಕಿದ್ದು ಆರು ತಿಂಗಳು ಮುಗುದ್ ಮ್ಯಾಲೆ, ನಡುವ ಅರ್ಜಿ ಹಾಕಿದ್ರ ಸಾಕಿತ್ತಂತ, ನಿನ್ ವಕೀಲ ಏನು ಮಾಡ್ತಿದ್ದ ಅಂದ್ರು, ಕೇಳು ಅವನ್ನ, ಅವನು ಪೊಲೀಸ್ರ ಕೂಡ ಸೇರ್ಯಾನ, ಅವನ್ನ ಬಿಡಿಸು, ಕೇಸ್ ಪೇಪರೆಲ್ಲ ವಾಪಸ್ ತಗೊಂಡ್ ಬಾ — ಅಷ್ಟಕ್ಕೆ ಕಟ್ಟಾಯಿತು. ಬಿಡಿಸುವುದು ಅಂದರೆ ಏನೆಂದು ಅವಳಿಗೆ ಗೊತ್ತು, ಸೋಮವಾರ ಹೈಕೋರ್ಟಿನಲ್ಲಿ ಅವನ ಅರ್ಜಿ ಬರುತ್ತದೆ, ಈ ಮನುಷ್ಯನನ್ನು ಇಷ್ಟು ವರ್ಷ ಒಳಗೆ ಇಟ್ಟೀರಿ, ಒಬ್ಬ ಸಾಕ್ಷಿಯನ್ನೂ ಕರೆದಿಲ್ಲ, ವಿಚಾರಣೆಯೇ ಶುರುವಾಗಿಲ್ಲ, ಹೀಗೆ ಇಡುವ ಹಾಗಿಲ್ಲ, ಎಂದು ಕೇಳುವ ಅರ್ಜಿ, ಅದನ್ನು ಅಲ್ಲಿಯವರೆಗೆ ತರಲಿಕ್ಕೆ ವಕೀಲ ಕಿರಣ್ ಕುಮಾರ್ ಎಷ್ಟು ಸಲ ಬೆಂಗಳೂರಿನ ರೈಲು ಹತ್ತಿದನೋ ದೇವರಿಗೇ ಗೊತ್ತು, ಈಗ ವಕೀಲ ಬದಲಾದರೆ ಹೊಸಬ ವಾಯಿದೆ ಕೇಳುತ್ತಾನೆ, ವಾಯಿದೆ ಅಂದರೆ ಮತ್ತೆ ದೀಪಾವಳಿ, ಮತ್ತೆ ಯುಗಾದಿ. ಪೇಪರ್ ವಾಪಸ್ ತರಲು ಹೊರಟವಳೇ ಅವಳು, ಮನೆಯಲ್ಲಿ ಗಂಡ ಓಬಳೇಶನಿಗೆ ಹಾಗೇ ಹೇಳಿ ಬಂದಿದ್ದಾಳೆ, ತರುತ್ತಾಳೋ ಇಲ್ಲವೋ ಅವಳಿಗೇ ತಿಳಿಯದು. ವಕೀಲ ಮಾಡಿದ್ದಲ್ಲ ಅದು. ಅಯ್ಯೋ, ಅವನು ಮಾಡಿದ್ದಲ್ಲ.

ಆ ವಾರ, ಆರು ತಿಂಗಳು ಮುಗಿಯುವ ವಾರ, ಗುರುವಾರ ಕಿರಣ್ ಕುಮಾರ್ ಫೋನು ಮಾಡಿದ್ದ, ಅದುವರೆಗೂ ಹನುಮೇಶನಿಗೆ ಇದ್ದದ್ದು ಕೋರ್ಟು ಕೊಟ್ಟ ವಕೀಲ, ಅವನ ಮುಖವನ್ನು ಯಾರೂ ಸರಿಯಾಗಿ ಕಂಡಿರಲಿಲ್ಲ, ಅದಕ್ಕೇ ಹೊಸಪೇಟೆಯ ಈ ಹುಡುಗ ವಕೀಲನನ್ನು ಹಿಡಿದದ್ದು, ಅವಳೇ ಬೆಂಗಳೂರಿಗೆ ಹೋಗಿ ಜೈಲಿನ ಸೀಲು ಹೊಡೆಸಿ ತಮ್ಮನ ಸಹಿಯ ವಕಾಲತ್ತು ತಂದಿದ್ದಳು, ಅದು ಅವಳ ಹತ್ತಿರವೇ ಇತ್ತು. ವಿರುಪಮ್ಮಾರ, ಇವತ್ತು ಸಂಜೀಕ ತಂದ್ ಕೊಡ್ರಿ, ರಾತ್ರಿ ರೈಲಿಗಿ ನಾನು ಹೋಗ್ತೀನಿ, ನಾಳೆ ಶುಕ್ರವಾರ ಕೋರ್ಟು ತೆಗದ್ ಕೂಡ್ಲೇ ಅರ್ಜಿ ಹಾಕ್ಬೇಕು, ಪೊಲೀಸ್ರು ಚಾರ್ಜ್‌ಶೀಟ್ ಹಾಕೋದ್ರೊಳಗ ನಾವು ಹಾಕ್ಬೇಕು, ಅವ್ರು ಮೊದ್ಲು ಹಾಕಿದ್ರ ಈ ಹಕ್ಕು ಹೋತು ಅಂತ ತಿಳೀರಿ. ಅವಳು ಹೂಂ ಎಂದಳು, ಎಂದು, ಶನಿವಾರ ಬಂದ್ರ ನಡೀತೈತೇನ್ರಿ ಸಾರ್, ಎಂದಳು, ಶನಿವಾರ ಯಾಕ್ರಿ, ಇಲ್ಲ ಸಾರ್, ನಮ್ಮೂರ ಹನುಮಪ್ಪ ದೇವ್ರ ವಾರ, ಹೂ ಕೇಳಿ ಬರ್ತೀನಿ. ತವರೂರು ವಡ್ಡಿನಲ್ಲಿ ಹೂ ಕೇಳದೆ ಯಾರು ಏನು ಮಾಡಿದ್ದಾರೆ, ಬೋರು ಕೊರೆಯಿಸಲಿಕ್ಕೆ, ಹೆಣ್ಣು ತರಲಿಕ್ಕೆ, ಎತ್ತು ಮಾರಲಿಕ್ಕೆ, ಅವ್ವ ಇವಳನ್ನು ಕಂಪ್ಲಿಗೆ ಕೊಟ್ಟದ್ದೂ ಹೂ ಬಲಕ್ಕೆ ಬಿದ್ದ ಮೇಲೆಯೇ, ಹನುಮೇಶ ಹುಟ್ಟಿದ್ದೂ ಹೂ ಕೊಟ್ಟ ವರ, ಹೆಸರೂ ಅವನದೇ. ಓಬಳೇಶನೂ ಬೆದರಿಸಿದ್ದ, ಬೇಲ್ ಕೇಳಿದ್ರ ಇನ್ನೊಂದು ಕೇಸ್ ಹಾಕ್ತಾರಂತ, ಮನೆಯವ್ರನ್ನೂ ಎಳೀತಾರಂತ, ನಮ್ ಅಕ್ಕಿ ಮಿಲ್ಲಿನ ಹಮಾಲರೆಲ್ಲ ಹಂಗ ಅಂತಿದ್ರು, ಅವಳಿಗೆ ಭಯ, ಭಯಕ್ಕೆ ಒಂದು ಆಸರೆ ಬೇಕಿತ್ತು, ಕಾನೂನು ಅಂದರೆ ಆವತ್ತಿನವರೆಗೆ ಅವಳಿಗೆ ಜೀಪು ಮಾತ್ರ. ಶನಿವಾರ ನಸುಕಿಗೇ ಒದ್ದೆ ಸೀರೆಯಲ್ಲಿ ಗುಡಿಯ ಮುಂದೆ ನಿಂತಳು, ವಕಾಲತ್ತನ್ನು ಹನುಮಪ್ಪನ ಪಾದದ ಹತ್ತಿರ ಇಟ್ಟಳು, ಪೂಜಾರಿ ಹಂಪಯ್ಯ ಬಿಳಿ ಕಣಗಿಲೆ ತೊಯಿಸಿ ದೇವರ ಎದೆಗೆ, ಸಿಂಧೂರದ ಮೇಲೆ, ಒತ್ತಿ ಅಂಟಿಸಿದ, ಬಲಕ್ಕ ಬಿದ್ರ ಹೋಗು, ಎಡಕ್ಕ ಬಿದ್ರ ಬ್ಯಾಡ, ಕೇಳ್ಕೋ ತಾಯಿ. ಕೇಳಿಕೊಂಡಳು. ಹೂ ಬೀಳಲಿಲ್ಲ. ಗಂಟೆ ಹೊಡೆದರು, ಮಂಗಳಾರತಿ ಎತ್ತಿದರು, ಬೇರೆಯವರು ಬಂದು ಕಾಯಿ ಒಡೆಸಿಕೊಂಡು ಹೋದರು, ಹೂ ಅಲ್ಲೇ, ಎದೆಯ ನಟ್ಟನಡುವೆ, ನೀರು ಇಳಿದು ಸಿಂಧೂರ ಗೆರೆ ಗೆರೆಯಾಗಿ ಹರಿದರೂ ಹೂ ಅಲ್ಲೇ. ಕುಂದ್ರವ್ವಾ, ಸ್ವಾಮಿ ಇನ್ನಾ ಮನಸ್ ಮಾಡಿಲ್ಲ, ನಡುವ ಎದ್ದು ಹೋಗೋ ಹಂಗಿಲ್ಲ, ಎಂದ ಹಂಪಯ್ಯ, ಅವಳು ಕುಳಿತಳು, ಫೋನು ಚೀಲದಲ್ಲಿ, ಚೀಲ ಹೊರಗೆ ಕಟ್ಟೆಯ ಮೇಲೆ, ಅದು ಹೊಡೆದುಕೊಳ್ಳುವುದು ಕೇಳುತ್ತಿತ್ತು, ಎದ್ದರೆ ಕೇಳಿದ್ದು ಮುರಿಯುತ್ತದೆ, ಭಾನುವಾರವೂ ಕುಳಿತಳು, ಅನ್ನ ನೀರು ಇಲ್ಲದೆ, ಬೀಳಪ್ಪಾ, ಯಾವ ಕಡೆಗಾದರೂ ಬೀಳಪ್ಪಾ, ಎಡಕ್ಕಾದರೂ ಬಿದ್ದುಬಿಡಪ್ಪಾ.

ಬಿಡಬೇಕಾಗಿತ್ತು, ಎದ್ದು ಹೋಗಬೇಕಾಗಿತ್ತು, ಎಷ್ಟು ಸಲ ಎದ್ದು ಹೋಗಿದ್ದಾಳೆ ಅವಳು, ಮಿಲ್ಲಿನ ಕಣದಲ್ಲಿ ಭತ್ತ ಹರವುತ್ತಾ, ಮನೆಯಲ್ಲಿ ಪಾತ್ರೆ ತೊಳೆಯುತ್ತಾ, ರೊಟ್ಟಿ ಬಡಿಯುತ್ತಾ, ಮನಸ್ಸಿನಲ್ಲಿ ಆ ಗುಡಿಯಿಂದ ಎದ್ದು ವಕಾಲತ್ತು ತೆಗೆದುಕೊಂಡು ಓಡಿದ್ದಾಳೆ, ಹೊಸಪೇಟೆಯ ಬಸ್ಸು ಹಿಡಿದಿದ್ದಾಳೆ, ಆದರೆ ಹಿಂದಕ್ಕೆ ಓಡಿದರೆ ಯಾವ ಬಸ್ಸು ಸಿಗುತ್ತದೆ. ಸೋಮವಾರ ಬೆಳಿಗ್ಗೆ ಹೂ ಇನ್ನೂ ಅಲ್ಲೇ ಇತ್ತು, ಅಂಚು ಕಂದಿತ್ತು, ಅವಳು ಪಾದದ ಹತ್ತಿರದಿಂದ ಕಾಗದ ಎಳೆದುಕೊಂಡು ಬಂದೇಬಿಟ್ಟಳು, ಹಂಪಯ್ಯ ಬೇಡಬೇಡ ಎಂದರೂ, ಹೊಸಪೇಟೆಯ ಕೋರ್ಟಿನ ಹಿಂದಿನ ಓಣಿ, ಮಹಡಿಯ ಮೆಟ್ಟಿಲು, ಕಿರಣ್ ಕುಮಾರ್ ಅವಳ ಕೈಯ ಕಾಗದ ನೋಡಿದ, ಅದಕ್ಕೆ ಅಂಟಿದ ಸಿಂಧೂರ ನೋಡಿದ. ಈಗಷ್ಟ ಬೆಂಗಳೂರಿಂದ ಫೋನ್ ಬಂತ್ರಿ, ಚಾರ್ಜ್‌ಶೀಟ್ ಹಾಕಿಬಿಟ್ರಂತ, ಎಂದ, ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಚಹಾ ತರಿಸಿದ, ಕುಡೀರಿ, ಉಪಾಸ ಇದ್ದೀರಿ, ಎಂದ. ಶುಕ್ರವಾರ ಒಂದು ದಿನ, ಒಂದೇ ದಿನ ಅವನು ಕೇಳಿದ್ದು. ಯಾಕ ಹಿಂಗಾತು ಅಂದ್ರ ಏನು ಹೇಳ್ಲಿ ಸಾರ್ ನನ್ ತಮ್ಮಗ, ಎಂದಳು, ಅವನು ಕಾಗದದ ಸಿಂಧೂರವನ್ನು ಬೆರಳಿನಿಂದ ಒರೆಸುತ್ತಾ, ತಡ ಆತು ಅಂತಷ್ಟ ಹೇಳ್ರಿ, ನಂದ ತಪ್ಪು ಅಂತ ತಿಳೀಲಿ, ಒಳಗಿರೋ ಮನುಷ್ಯಾಗ ಮನೆಯವ್ರ ಮ್ಯಾಲೆ ನಂಬಿಕಿ ಇದ್ರ ದಿನ ಹೋಗ್ತಾವು, ಎಂದ. ಎಂಥ ಮಾತು. ಅವಳು ಆ ಮಾತಿನ ನೆರಳಿನಲ್ಲಿ ಇಷ್ಟು ವರ್ಷ ಕುಳಿತುಬಿಟ್ಟಳು, ಹಾಯಾಗಿ ಅಲ್ಲ, ಆದರೂ ಕುಳಿತಳು. ಹನುಮೇಶನ ಕಿವಿಯ ಮೇಲೆ ಬಿಳಿ ಕೂದಲು ಬಂದಿದೆ, ಜೈಲಿನ ಮುಲಾಕಾತಿನ ಗಾಜಿನ ಆಚೆ ನೋಡಿದಳು, ಅವನಿಗೆ ನೋಡಿದ್ದ ಹೆಣ್ಣಿಗೆ ಎರಡು ಮಕ್ಕಳಾದವು, ತಪ್ಪು ಮಾಡಿದ್ದೀ ಎಂದು ಯಾರೂ ತೀರ್ಮಾನ ಮಾಡಿಲ್ಲ, ಮಾಡಿಲ್ಲ ಎಂದೂ ಹೇಳಿಲ್ಲ, ಶಿಕ್ಷೆಯಾದವನಾದರೆ ಬಿಡುಗಡೆಯ ದಿನವನ್ನಾದರೂ ಎಣಿಸಿಯಾನು, ಇವನು ಏನನ್ನು ಎಣಿಸಬೇಕು. ಕಮಲಾಪುರದ ಕೆರೆ ಬಂತು, ನೀರು ತುಂಬಿದೆ, ಕೊಕ್ಕರೆಗಳು, ಫಾರಿನ್ನಿನವರು ಸೈಕಲ್ ನಿಲ್ಲಿಸಿ ಫೋಟೋ ಹಿಡಿಯುತ್ತಿದ್ದಾರೆ, ನಗುತ್ತಿದ್ದಾರೆ.

ಕೈಯಲ್ಲಿ ಫೋನು ನಡುಗಿತು, ಅದೇ ನಂಬರು, ಅವಳು ಕಿಟಕಿಗೆ ಒರಗಿ ಸೆರಗಿನಿಂದ ಇನ್ನೊಂದು ಕಿವಿ ಮುಚ್ಚಿಕೊಂಡಳು. ಅಕ್ಕಾ, ತಗೊಂಡೇನು ಪೇಪರು, ಇಲ್ಲ ತಮ್ಮಾ, ದಾರಿಯಾಗ ಅದೀನಿ, ಜಲ್ದಿ ತಗೋ ಅಕ್ಕಾ, ಸೋಮವಾರ ಅವನು ಕೋರ್ಟಿನ್ಯಾಗ ನಿಂತ್ರ ನನ್ನ ಪೂರ್ತಿ ಮುಳುಗಿಸ್ತಾನ, ನಿಂಗ ಗೊತ್ತಿಲ್ಲ, ಆ ಶುಕ್ರವಾರ ಅರ್ಜಿ ಹಾಕಿದ್ರ ನಾನು ಅವತ್ತ — ಹನುಮಾ, ಎಂದಳು ವಿರುಪಮ್ಮ, ಇಲ್ಲಿ ಕೇಳು, ವಕೀಲ್ರು ಏನೂ ಮಾಡಿಲ್ಲ, ಅವ್ರು ಕೇಳಿದ್ರು, ಗುರುವಾರನ ಕೇಳಿದ್ರು, ಕಾಗದ ನನ್ ಕೈಯಾಗ ಇತ್ತು, ನಾ ಕೊಡ್ಲಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು, ನೋಡಲಿ, ಬುಟ್ಟಿಯ ಹಳದಿ, ಬುಟ್ಟಿಯ ಕೆಂಪು, ನಾ ಕೊಡ್ಲಿಲ್ಲೋ, ಹೂ ಕೇಳ್ಲಿಕ್ಕ ಊರಿಗಿ ಹೋದೆ, ಶನಿವಾರ ಭಾನುವಾರ ಗುಡಿಯಾಗ ಕುಂತೆ, ಸೋಮವಾರ ಪೊಲೀಸ್ರು ಹಾಕಿಬಿಟ್ರು, ನಿನ್ ಮುಖ ನೋಡಿ ಹೇಳ್ಲಿಕ್ಕ ಆಗ್ಲಿಲ್ಲ ನಂಗ, ವಕೀಲ್ರು ತಮ್ ತಲಿ ಮ್ಯಾಲೆ ಹಾಕ್ಕೊಂಡ್ರು, ಅವ್ರನ್ನ ಬಿಡಿಸ್ಬ್ಯಾಡೋ, ನನ್ನ ಬೈ, ಈ ಅಕ್ಕನ್ನ ಬಿಡು, ಅವ್ರನ್ನ ಬಿಡಬ್ಯಾಡ. ಆ ಕಡೆ ಯಾರೋ ಕೆಮ್ಮಿದರು, ಸಾಲಿನಲ್ಲಿ ಹಿಂದೆ ನಿಂತವರಿರಬೇಕು, ಕಬ್ಬಿಣದ ಬಾಗಿಲ ಸದ್ದು, ಅನಂತಶಯನಗುಡಿಯ ಗೇಟಿನಲ್ಲಿ ಬಸ್ಸು ನಿಂತಿತು, ರೈಲು ಹೋಗಬೇಕಂತೆ, ಇಂಜಿನ್ ಆಫ್ ಮಾಡಿದ ಡ್ರೈವರು, ಎಲ್ಲ ಒಮ್ಮೆಲೇ ಗಪ್ಪಾಯಿತು, ಹೋತೇನು ಲೈನು, ಹನುಮಾ, ಬೈಯೋ, ಏನಾರ ಅನ್ನೋ. ಹಂಗಾರ ವಕೀಲ್ರು ಇರ್ಲಿ, ಎಂದ ಅವನು ಕೊನೆಗೆ, ಸಣ್ಣ ದನಿ, ಚಿಕ್ಕವನಿದ್ದಾಗ ಜ್ವರ ಬಂದರೆ ಹೀಗೇ ಮಾತಾಡುತ್ತಿದ್ದ, ಸೋಮವಾರ ಅವ್ರ ನಿಂದರ್ಲಿ, ಅವನು ಅಳುತ್ತಿದ್ದಾನೋ ಉಸಿರೆಳೆಯುತ್ತಿದ್ದಾನೋ, ಬೈಯುತ್ತಾನೆ ಈಗ ಎಂದು ಅವಳು ಕಣ್ಣು ಮುಚ್ಚಿದಳು, ಬೈಯಲಿ, ಬೈದರೆ ಬದುಕುತ್ತೇನೆ. ಅಕ್ಕಾ. ಹೇಳಪ್ಪಾ. ಹೂ ಯಾವ ಕಡಿಗಿ ಬಿತ್ತಕ್ಕಾ? ಅವಳು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು. ಬಲಕ್ಕ ಬಿತ್ತೋ, ಎಡಕ್ಕ ಬಿತ್ತೋ, ಅದೊಂದು ಹೇಳಕ್ಕಾ, ಸೋಮವಾರದ್ದು ಏನಾತೈತಿ ಅಂತ ನಂಗ ಒಳಗ ಕುಂತು — ಟಕ್ಕೆಂದು ಕಟ್ಟಾಯಿತು, ಐದು ನಿಮಿಷ, ಫೋನಿನ ಗಾಜಿನಲ್ಲಿ ಅವಳದೇ ಮುಖ, ಬಲಕ್ಕ ಅನ್ನಬೇಕಿತ್ತು, ಒಂದು ಮಾತು, ಬಲಕ್ಕ ಬಿತ್ತಪ್ಪಾ, ಅಂದಿದ್ದರೆ ಈ ಎರಡು ರಾತ್ರಿ ಮಲಗುತ್ತಿದ್ದ, ರೈಲು ಬಂತು, ಅದಿರಿನ ಗೂಡ್ಸು, ಕೆಂಪು ಧೂಳಿನ ಡಬ್ಬಿ, ಇನ್ನೊಂದು ಡಬ್ಬಿ, ಇನ್ನೊಂದು, ಮುಗಿಯುವುದೇ ಇಲ್ಲ, ಇಳೀತೀರೇನ್ರಿ ಅಮ್ಮಾ ಇಲ್ಲೇ, ಕಂಡಕ್ಟರ್, ಇಲ್ಲಪ್ಪಾ, ಕೋರ್ಟಿಗೆ, ಕೆಂಪು, ಎಲ್ಲ ಕೆಂಪು, ಹನುಮಪ್ಪನ ಎದೆಯ ಕೆಂಪು, ಅದರ ನಟ್ಟನಡುವೆ ಒಂದು ಬಿಳಿ ಕಣಗಿಲೆ, ಒದ್ದೆ, ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ಅಲ್ಲೇ, ಅಲ್ಲೇ