ಸ್ಕೇಲು ಮೇಷ್ಟ್ರು ತಿದ್ದಿದ ಮುಖ

ಗೋಡೆಯ ಕ್ಯಾಲೆಂಡರು ಕೂದಲೆಳೆಯಷ್ಟು ವಾಲಿದ್ದರೂ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ತುತ್ತು ಗಂಟಲಿಗಿಳಿಯುತ್ತಿರಲಿಲ್ಲ. ಸಾವಿನ ಮನೆಗೆ ಸಾಂತ್ವನ ಹೇಳಲು ಹೋದವರು, ಅಳುತ್ತಿದ್ದವರ ನಡುವಿನಿಂದ ಮೆಲ್ಲಗೆ ಎದ್ದು, ಗತಿಸಿದವರ ಭಾವಚಿತ್ರವನ್ನು ನೆಟ್ಟಗೆ ಮಾಡಿ ಬಂದು ಕೂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬೂದು ಬಣ್ಣದ ಕೋಟು, ಅದರ ಎದೆಜೇಬಿನಿಂದ ಇಣುಕುವ ಮರದ ಸ್ಕೇಲು, ಕಾರಿಡಾರಿನ ನಟ್ಟನಡುವೆ ಗೆರೆ ಎಳೆದಂತೆ ಸಾಗುವ ನಡಿಗೆ. ಮಕ್ಕಳು ಸ್ಕೇಲು ಮೇಷ್ಟ್ರು ಎನ್ನುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹಿಗ್ಗೂ ಇತ್ತೆನ್ನಿ. ಬೈದವರಲ್ಲ, ಹೊಡೆದವರಲ್ಲ. ಮಗುವಿನ ಹಿಂದೆ ಬಂದು ನಿಂತು, "ಎಲ್ಲಿ, ಕೊಡಿಲ್ಲಿ" ಎಂದು ಕೈ ಚಾಚುವರು, ಅಷ್ಟೆ. ಆ ಕೈಗೆ ಹೋದ ಆನೆ, ಮನೆ, ಮರಗಳೆಲ್ಲ ತಿದ್ದಿಸಿಕೊಂಡು ಸುಂದರವಾಗಿ ಮರಳುತ್ತಿದ್ದವು. ವರ್ಷವರ್ಷವೂ ಬಹುಮಾನ ಬರುತ್ತಿತ್ತು; ಅದು ಯಾರ ಕೈಚಳಕಕ್ಕೆ ಬಂದದ್ದೆಂದು ಸ್ಟಾಫ್ ರೂಮಿನಲ್ಲಿ ನಾವು ಯಾರೂ ಕೇಳಲಿಲ್ಲ.

ಆ ವರ್ಷ ಐದನೆಯ ತರಗತಿಗೆ ಆಫ್ರಿಕಾದ ಮುಖವಾಡಗಳ ಪಾಠ. ಲೈಬ್ರರಿಯ ದಪ್ಪ ಪುಸ್ತಕದ ಚಿತ್ರಗಳನ್ನು ಮಕ್ಕಳತ್ತ ತಿರುಗಿಸಿ ಹಿಡಿದು ತೋರಿಸಿದ ಮೇಷ್ಟ್ರು, ರಟ್ಟನ್ನು ನಡುವೆ ಮಡಚಿ ಕತ್ತರಿಸುವ ಉಪಾಯ ಹೇಳಿಕೊಟ್ಟರು. ಎಡಕ್ಕೂ ಬಲಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಬಾರದು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಮಡಚಲಿಲ್ಲ. ಅವಳು ಅಂಟಿಸಿದ ಒಂದು ಕಣ್ಣು ಹಣೆಗೇರಿತ್ತು, ಇನ್ನೊಂದು ಕೆನ್ನೆಗೆ ಜಾರಿತ್ತು. ಬಾಯಿ ಏನನ್ನೋ ಹೇಳಹೊರಟು ತಡೆದುಕೊಂಡಂತೆ ಓರೆಯಾಗಿತ್ತು.

"ಎಲ್ಲಿ, ಕೊಡಿಲ್ಲಿ."

"ಸರ್, ಅದು ಹಾಗೇ ಇರೋದು."

"ಇರ್ಲಮ್ಮ, ಸ್ವಲ್ಪ ಸರಿ ಮಾಡ್ಕೊಡ್ತೀನಿ."

ಎರಡು ನಿಮಿಷದ ಕೆಲಸ. ಕಣ್ಣು ಕಿತ್ತು ಸಮನಾಗಿ ಅಂಟಿಸಿದರು, ಬಾಯಿ ನೇರವಾಯಿತು.

ಪ್ರದರ್ಶನದ ದಿನ ನಲವತ್ತು ಮುಖವಾಡಗಳು ಗೋಡೆಯ ಮೇಲೆ ಸಾಲಾಗಿ ನಿಂತಿದ್ದವು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಆ ಹುಡುಗಿಯ ತಾಯಿ, "ಯಾವುದೇ ನಿಂದು?" ಎಂದು ಕೇಳಿದರು.

"ಗೊತ್ತಾಗ್ತಿಲ್ಲಮ್ಮ" ಎಂದಳು ಹುಡುಗಿ, ಬೇಸರವೂ ಇಲ್ಲದ ದನಿಯಲ್ಲಿ.

ಪಕ್ಕದಲ್ಲೇ ಇದ್ದ ಮೇಷ್ಟ್ರು ತೋರಿಸಿಕೊಡಲು ಉತ್ಸಾಹದಿಂದ ಕೈ ಎತ್ತಿದರು. ಅವರಿಗೂ ಗೊತ್ತಾಗಲಿಲ್ಲ.

ಮರುದಿನ ಅವರು ಆ ಪುಸ್ತಕವನ್ನು ತಂದು ನನ್ನ ಮುಂದೆ ತೆರೆದಿಟ್ಟರು. ಒಂದು ಕಣ್ಣು ಮೇಲೆ, ಒಂದು ಕೆಳಗೆ, ಓರೆ ಬಾಯಿ: ಯಾರೋ ಬೇಕೆಂದೇ, ಪಳಗಿದ ಕೈಯಿಂದ ಕೆತ್ತಿದ ಮುಖ. "ಕೊನೇ ಬೆಂಚಿಂದ ಅವಳು ನೋಡಿದ್ಳು ಕಣ್ರೀ. ಕೈಯಲ್ಲಿ ಹಿಡ್ಕೊಂಡು ನಾನು ನೋಡಿರ್ಲಿಲ್ಲ. ಇನ್ನೆಷ್ಟು ಮಕ್ಕಳದ್ದು ಹೀಗೆ ಹಾಳು ಮಾಡಿದ್ದೀನೋ!" ಎಂದರು.

ಆಮೇಲೆ ಹುಡುಗಿಯನ್ನು ಕರೆಸಿ, ಹೊಸ ರಟ್ಟು ಕೊಟ್ಟು, "ನಿಂಗೆ ಹೇಗೆ ಬೇಕೋ ಹಾಗೆ ಮಾಡಮ್ಮ, ನಾನು ಮುಟ್ಟಲ್ಲ" ಎಂದು ಕೈಗಳನ್ನು ಬೆನ್ನಿಗೆ ಕಟ್ಟಿ ನಿಂತರು. ಅವಳು ತುಸು ಯೋಚಿಸಿದಳು. ರಟ್ಟನ್ನು ಸರಿಯಾಗಿ ನಡುವೆ ಮಡಚಿ, ಮಡಿಕೆಯ ಮೇಲೆ ಉಗುರಾಡಿಸಿ, ಅವರತ್ತ ಚಾಚಿದಳು. "ಈಗ ಸರಿ ಇದೆಯಾ ಸರ್?"

ಗದರಿಸಿ ಮಕ್ಕಳನ್ನು ಮುರಿಯುವವರನ್ನು ಗುರುತಿಸುವುದು ಕಷ್ಟವಲ್ಲ. ಮಕ್ಕಳೇ ದೊಡ್ಡವರಾಗಿ ಅವರ ಲೆಕ್ಕ ಚುಕ್ತಾ ಮಾಡುತ್ತಾರೆ. ಪ್ರೀತಿಯಿಂದ ತಿದ್ದಿ ತಿದ್ದಿ ಅಳಿಸಿಹಾಕುವ ಈ ಸಜ್ಜನರ ಪಾಡೇ ಬೇರೆ. ಇವರು ಪಶ್ಚಾತ್ತಾಪಪಟ್ಟು ಬಂದರೂ ಕ್ಷಮೆ ಸಿಗುವುದಿಲ್ಲ, ಏಕೆಂದರೆ ಕ್ಷಮಿಸಬೇಕಾದ ಮಗು ಇವರೆದುರು ಕೃತಜ್ಞತೆಯಿಂದ ನಿಂತಿರುತ್ತದೆ.