ಟ್ಯುಲಿಪ್ಪಿನ ಪಿನ್ನು

"ನಮ್ಮೂರಲ್ಲಿ ಬೆಳೀದೇ ಇರೋ ಹೂವು ನಮಗ್ಯಾಕ್ರೀ? ದಾಸವಾಳ ಇಲ್ವಾ, ಸಂಪಿಗೆ ಇಲ್ವಾ?" ಎಂದು ಸುಭಾಷ್ ಎದ್ದು ನಿಂತು ಕೇಳಿದಾಗ ಜಯನಗರದ ಆ ಪುಟ್ಟ ಹಾಲಿನಲ್ಲಿ ಹಲವು ತಲೆಗಳು ಆಡಿದವು. ಒಪ್ಪಿ ಆಡಿದ ತಲೆ ಯಾವುದು, ತಾನಾಗಿಯೇ ಆಡಿದ ತಲೆ ಯಾವುದು ಎಂದು ಹೇಳುವುದು ಕಷ್ಟ. ಅಲ್ಲಿದ್ದವರೆಲ್ಲ ಪಾರ್ಕಿನ್ಸನ್ ಕಾಯಿಲೆಯವರು. ತಮ್ಮ ನಡುಕವನ್ನು ಕಂಡು ತಾವೇ ನಗುವುದನ್ನು ಈಚೆಗೆ ಕಲಿತಿದ್ದರು.

ಕೂಟ ನಡೆಸುವ ಕಾತ್ಯಾಯಿನಿ ಮೇಡಂ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಮೇಜಿನ ಮೇಲೆ ಒಂದು ಡಬ್ಬಿ ತುಂಬ ಬಟ್ಟೆಯ ಕೆಂಪು ಟ್ಯುಲಿಪ್ ಹೂಗಳನ್ನು ಇಟ್ಟುಕೊಂಡಿದ್ದರು. ಹಾಲೆಂಡಿನಲ್ಲಿ ಇದೇ ಕಾಯಿಲೆ ಬಂದ ತೋಟಗಾರನೊಬ್ಬ ಬೆಳೆಸಿದ ಕೆಂಪು ಟ್ಯುಲಿಪ್ಪು ಈಗ ಎಷ್ಟೋ ದೇಶಗಳಲ್ಲಿ ಇದರ ಗುರುತು. ಏಪ್ರಿಲ್ ಇಡೀ ನಾವೂ ಎದೆಗೆ ಸಿಕ್ಕಿಸಿಕೊಳ್ಳೋಣ, ನಾಲ್ಕು ಜನಕ್ಕೆ ಕಾಯಿಲೆಯ ಹೆಸರಾದರೂ ತಿಳಿಯಲಿ ಎನ್ನುವುದು ಅವರ ವಾದ.

ಹಿಂದಿನ ಸಾಲಿನಲ್ಲಿ ಬಲಗೈಯನ್ನು ತೊಡೆಯಡಿ ಒತ್ತಿಟ್ಟುಕೊಂಡು ಕೂತಿದ್ದ ಬೈರಣ್ಣ ಅಂದು ಮೊದಲ ಸಲ ಬಾಯಿ ಬಿಟ್ಟ. ಅರೆಕೆರೆಯಲ್ಲಿ ಬಡಾವಣೆ ಏಳುವ ಮುಂಚೆ ಅವನ ಹೊಲದಲ್ಲಿ ಕನಕಾಂಬರ, ಸೇವಂತಿಗೆ ಬೆಳೆಯುತ್ತಿದ್ದವು. ಈಗ ಅಲ್ಲಿ ಬಾಡಿಗೆ ಮನೆಗಳಿವೆ. ಹೂವಿನ ಮಾತು ಬಂದರೆ ಅವನಿಂದ ಸುಮ್ಮನಿರಲಾಗದು.

"ಸಾರ್, ದಾಸವಾಳ ಸಿಕ್ಕಿಸ್ಕೊಂಡ್ರೆ ದೇವಸ್ಥಾನಕ್ಕೆ ಹೋಗ್ಬಂದ ಅಂತಾರೆ. ಸೇವಂತಿಗೆ ಇಟ್ರೆ ಮದ್ವೆ ಮನೆ ಅಂತಾರೆ. ಯಾರೂ ಏನೂ ಕೇಳಲ್ಲ. ಇದಾದ್ರೆ ಯಾವ ಹೂವು ಅಂತ್ಲೇ ಗೊತ್ತಾಗಲ್ಲ, ಕೇಳ್ತಾರೆ. ಕೇಳಿದ್ರೆ ತಾನೇ ನಾವು ಹೇಳೋದು?"

"ಬೈರಣ್ಣೋರೇ, ಇಷ್ಟು ದಿನ ಈ ಮಾತೆಲ್ಲ ಎಲ್ಲಿ ಇಟ್ಕೊಂಡಿದ್ರಿ?" ಎಂದು ಕಾತ್ಯಾಯಿನಿ ನಕ್ಕರು. ಕೊನೆಗೆ ಸುಭಾಷ್ ಕೂಡ ಟ್ಯುಲಿಪ್ಪಿಗೇ ಕೈ ಎತ್ತಿದರು. ಮೇಡಂ ಅವರ ಸೊಸೆ ಸಾಲಾಗಿ ಎಲ್ಲರ ಎದೆಗೂ ಹೂವು ಚುಚ್ಚುತ್ತ ಬಂದಳು. ಬೈರಣ್ಣ ಬೇಡ ಎನ್ನುವಷ್ಟರಲ್ಲಿ ಅವನ ಅಂಗಿಯ ಮೇಲೂ ಒಂದು ಕೂತಿತ್ತು.

ಊರಿಗೆಲ್ಲ ಹೇಳೋಣ ಎಂದ ಪುಣ್ಯಾತ್ಮ ಮನೆಯಲ್ಲೇ ಹೇಳಿರಲಿಲ್ಲ. ಮಗಳು ರಮ್ಯಳಿಗೆ ಕತ್ರಿಗುಪ್ಪೆಯ ಸಂಬಂಧವೊಂದು ಮಾತಿನಲ್ಲಿತ್ತು. ಅಪ್ಪನಿಗೆ ಇಂಥ ಕಾಯಿಲೆ ಎಂದರೆ ನಾಳೆ ಮಗಳಿಗೂ ಬಂದೀತೆಂದು ಗಂಡಿನವರು ಹಿಂದೆ ಸರಿದರೆ? ಮದುವೆಯಾಗಲಿ, ಆಮೇಲೆ ನೋಡಿಕೊಂಡರಾಯಿತು ಎಂದು ಮಾತ್ರೆಗಳನ್ನು ನೀರಿನ ಮೋಟಾರಿನ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ.

ಅಷ್ಟರಲ್ಲಿ ಮನೆಯವರು ಬೇರೆಯದೇ ಅರ್ಥ ಮಾಡಿಕೊಂಡಿದ್ದರು. ವಯಸ್ಸಿನಲ್ಲಿ ಬೈರಣ್ಣ ಕುಡಿಯುತ್ತಿದ್ದ. ರಮ್ಯ ಹುಟ್ಟಿದಾಗ ಧರ್ಮಸ್ಥಳಕ್ಕೆ ಹೋಗಿ, ಇನ್ನು ಮುಟ್ಟುವುದಿಲ್ಲವೆಂದು ಮಂಜುನಾಥಸ್ವಾಮಿಗೆ ಮಾತು ಕೊಟ್ಟು ಬಿಟ್ಟಿದ್ದ. ಈಗ ಕಾಲು ತಡವರಿಸುತ್ತದೆ, ನಾಲಿಗೆ ತೊದಲುತ್ತದೆ, ವಾರಕ್ಕೊಂದು ಸಂಜೆ ಎಲ್ಲಿಗೆಂದು ಹೇಳದೆ ಹೋಗುತ್ತಾನೆ. ಇನ್ನೇನು ಬೇಕು? ದೇವರಿಗೆ ಕೊಟ್ಟ ಮಾತು ಮುರಿದವನ ಎದುರು ಕೂತು ಬಡಿಸುವುದನ್ನು ಹೆಂಡತಿ ಅಕ್ಕಯಮ್ಮ ಬಿಟ್ಟೇಬಿಟ್ಟಳು. ತಟ್ಟೆ ಮೇಜಿನ ಮೇಲಿರುತ್ತಿತ್ತು, ಅವಳು ಅಡುಗೆಮನೆಯಲ್ಲಿರುತ್ತಿದ್ದಳು. ಬೈರಣ್ಣ ಅದನ್ನೂ ನುಂಗಿಕೊಂಡ. ನುಂಗಿಕೊಂಡನೇ ಹೊರತು ಅರಗಲಿಲ್ಲ. ಒಬ್ಬನೇ ಉಣ್ಣುವಾಗ ಅವನಿಗೆ ಅಳು ಬರುತ್ತಿತ್ತು.

ಕೂಟದಿಂದ ಮನೆಗೆ ಹೊರಟ ಆಟೋ ಬನ್ನೇರುಘಟ್ಟ ರಸ್ತೆಗೆ ತಿರುಗಿದಾಗಿನಿಂದ ಅವನು ಆ ಪಿನ್ನು ಬಿಚ್ಚಲು ಹೆಣಗಿದ. ಹೆಬ್ಬೆರಳು ಒಂದು ಕಡೆ ಎಳೆದರೆ ತೋರುಬೆರಳು ಇನ್ನೊಂದು ಕಡೆ ಹೋಗುತ್ತಿತ್ತು. ಆಟೋದವನು ಕನ್ನಡಿಯಲ್ಲಿ ನೋಡಿ, "ಯಾವ್ ಪಾರ್ಟಿ ಅಣ್ಣ ಇದು, ಹೊಸ್ದಾ?" ಎಂದ. ಕೇಳಿದರೆ ಹೇಳಬೇಕೆಂದು ಭಾಷಣ ಬಿಗಿದು ಬಂದ ಬೈರಣ್ಣ "ಹೂಂ" ಎಂದು ಸುಮ್ಮನಾದ. ಮನೆಯ ಗೇಟಿನ ಮುಂದೆ ಇಳಿದಾಗಲೂ ಹೂವು ಅಲ್ಲೇ ಇತ್ತು. ಹೆಗಲ ಮೇಲಿನ ಟವಲ್ಲನ್ನು ಎದೆಗೆ ಇಳಿಬಿಟ್ಟುಕೊಂಡು ಒಳಗೆ ಹೋದ.

ನಡುಮನೆಯಲ್ಲಿ ಅಕ್ಕಯಮ್ಮನ ಅಣ್ಣ ಪಾಪಯ್ಯ ಕೂತಿದ್ದ. "ಬಾ ಬೈರ. ಗಂಡಿನ್ ಕಡೆಯೋರು ಫೋನ್ ಮಾಡಿದ್ರು. ಹುಡ್ಗಿ ಅಪ್ಪ ಕುಡೀತಾನಂತೆ, ನಿಜಾನಾ ಅಂತ ಕೇಳ್ತಾವ್ರೆ. ಏನಂತ ಹೇಳ್ಲಿ?"

"ಇಲ್ಲ ಅಂತ ಹೇಳಿ ಭಾವ."

"ಹಂಗಾದ್ರೆ ಆಣೆ ಮಾಡಿ," ಎಂದಳು ಅಕ್ಕಯಮ್ಮ. ದೇವರ ಕೋಣೆಯಿಂದ ಮಂಜುನಾಥಸ್ವಾಮಿಯ ಪಟವನ್ನು ಆಗಲೇ ತಂದಿಟ್ಟಿದ್ದಳು. ಅದರ ಮುಂದೆ ತಟ್ಟೆಯಲ್ಲಿ ಕರ್ಪೂರ ಇಟ್ಟು ಕಡ್ಡಿ ಗೀರಿದಳು.

ಇದಕ್ಕೆ ಬೈರಣ್ಣನಿಗೆ ಹೆದರಿಕೆಯೇ ಇರಲಿಲ್ಲ. ಕುಡಿದಿರಲಿಲ್ಲವಲ್ಲ! ಉರಿಯುವ ಕರ್ಪೂರದ ಮೇಲೆ ಕೈ ಹಿಡಿದು ಒಂದು ಮಾತು ಹೇಳಿದರೆ ಎಲ್ಲ ಮುಗಿಯಿತು, ಕಾಯಿಲೆಯ ಸುದ್ದಿಯನ್ನೇ ಎತ್ತಬೇಕಾಗಿಲ್ಲ ಎಂದು ಹಗುರವಾದ. ಆಣೆಗೆ ಎಡಗೈ ಸಲ್ಲದು. ಪಟದ ಮುಂದೆ ಕೂತು ಬಲಗೈ ಚಾಚಿದ. ಚಾಚಿ ಹಿಡಿದು ಮಾತು ಶುರು ಮಾಡುವಷ್ಟರಲ್ಲಿ ಅದು ನಡುಗತೊಡಗಿತು. ತಡೆದಷ್ಟೂ ಜಾಸ್ತಿಯಾಯಿತು. ಬೆರಳುಗಳ ಗಾಳಿಗೆ ಉರಿ ಅತ್ತಿತ್ತ ಹೊಯ್ದಾಡಿತು.

"ನೋಡವ್ವ, ಸ್ವಾಮಿ ಮುಂದೆ ಕೈ ನಿಲ್ತಿಲ್ಲ," ಎಂದ ಪಾಪಯ್ಯ. "ಸುಳ್ಳಾಣೆ ಮಾಡೋರ ಕೈ ಹಿಂಗೇ ಆಗೋದು."

ಅಕ್ಕಯಮ್ಮ ಮುಖ ತಿರುಗಿಸಿದಳು. ಬೈರಣ್ಣ ಕೈ ಹಿಂದಕ್ಕೆಳೆದುಕೊಳ್ಳುವ ಭರದಲ್ಲಿ ಟವಲ್ಲು ಜಾರಿ ಬಿತ್ತು. ಗೋಡೆಗೆ ಒರಗಿ ನಿಂತಿದ್ದ ರಮ್ಯ, ತಿಂಗಳುಗಳಿಂದ ಅಪ್ಪನೊಂದಿಗೆ ನೆಟ್ಟಗೆ ಮಾತಾಡದವಳು, ಹತ್ತಿರ ಬಂದಳು.

"ಅಪ್ಪಾ, ಇದೇನು ಹೂವು?"

ಯಾರೂ ಕೇಳದಿದ್ದರೆ ಸಾಕೆಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದ. ಮಗಳೇ ಕೇಳಿದ ಮೇಲೆ ಅವನ ಬಾಯಲ್ಲಿ ಇನ್ನೊಂದು ಸುಳ್ಳು ಹುಟ್ಟಲಿಲ್ಲ. ಪಾಪಯ್ಯನ ಮುಂದೆ ಆಡಿದ ಮಾತು ನಾಳೆಯೇ ಕತ್ರಿಗುಪ್ಪೆ ಮುಟ್ಟುತ್ತದೆ. ಮುಟ್ಟಲಿ ಎನ್ನಿಸಿತು.

"ಟ್ಯುಲಿಪ್ ಅಂತ ಕಣವ್ವ. ಪಾರ್ಕಿನ್ಸನ್ ಅಂತ ಒಂದು ಕಾಯಿಲೆ ಐತೆ. ಕೈ ನಡುಗ್ತದೆ, ಕಾಲು ಏಳಲ್ಲ, ನಾಲ್ಗೆ ತಿರುಗಲ್ಲ. ಅದಿರೋರು ಇಕ್ಕೊಳೋ ಹೂವು ಇದು." ಉಸಿರು ಎಳೆದುಕೊಂಡ. "ನಂಗೈತೆ. ಹೋದ ದಸರಾದಲ್ಲಿ ಡಾಕ್ಟ್ರು ಹೇಳಿದ್ರು. ನಿನ್ ಮದ್ವೆ ಆಗೋಗ್ಲಿ ಅಂತ ಬಾಯಿ ಬಿಡ್ಲಿಲ್ಲ. ನೀನು ಹುಟ್ಟಿದ್ಮೇಲೆ ಒಂದು ತೊಟ್ಟೂ ಕುಡಿದಿಲ್ಲ ಕಣವ್ವ."

"ವಾಸಿ ಆಗಲ್ವಾ?" ಎಂದ ಪಾಪಯ್ಯ, ದನಿ ತಗ್ಗಿಸಿ.

"ಇಲ್ವಂತೆ. ಮಾತ್ರೆ ತಗೊಂಡು ಓಡಾಡ್ಕೊಂಡಿರ್ಬೋದಂತೆ."

"ಈಗ ಅವ್ರಿಗೆ ನಾನು ಏನ್ ಹೇಳ್ಲಿ?"

"ಇದನ್ನೇ ಹೇಳಿ ಮಾವ," ಎಂದಳು ರಮ್ಯ. ಅವಳ ಕಣ್ಣು ತುಂಬಿತ್ತು. "ಬೇಕಿದ್ರೆ ಬರ್ತಾರೆ."

ಅಕ್ಕಯಮ್ಮ ಬಂದು ಗಂಡನ ಎದುರಿಗೆ ಕೂತಳು. ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ನಿಲ್ಲಿಸಿಯೇ ತೀರುತ್ತೇನೆ ಎನ್ನುವಂತೆ ಬಿಗಿಯಾಗಿ ಒತ್ತಿಕೊಂಡಳು. ಅದು ನಿಲ್ಲಲಿಲ್ಲ. ನಡುಕ ಅವಳ ಮುಂಗೈಗೂ ಹತ್ತಿತು. ಆ ನಡುಮನೆಯಲ್ಲಿ ಅವಳ ಗಾಜಿನ ಬಳೆಗಳು ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು.